ಹಳೆ ಡೀಸೆಲ್ ಫೋರ್ ವೀಲ್ ಗಾಡಿಗೆ ಯಾವ ಆಲ್ಟರ್ನೇಟರ್? ಆಂಪಿಯರ್ ನೋಡುವ ಮುಂಚೆ ನೋಡಬೇಕಾದದ್ದು

ಹಳೆ ಡೀಸೆಲ್ ಫೋರ್ ವೀಲ್ ಡ್ರೈವ್ ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ. ಚಾರ್ಜಿಂಗ್ ದೀಪ ಮಿಣುಕುತ್ತಿದೆ. ಬೆಳಗ್ಗೆ ಸೆಲ್ಫ್ ಹೊಡೆದರೆ ಇಂಜಿನ್ ಒಲ್ಲದ ಮನಸ್ಸಿನಿಂದ ತಿರುಗುತ್ತದೆ. ಆಲ್ಟರ್ನೇಟರ್, ಅಂದರೆ ಇಂಜಿನ್ ಓಡುವಾಗ ಕರೆಂಟ್ ಮಾಡಿ ಬ್ಯಾಟರಿ ತುಂಬಿಸುವ ಯಂತ್ರ, ಹೋಗಿದೆ ಅಂತ ಮೆಕ್ಯಾನಿಕ್ ಹೇಳಿಬಿಡುತ್ತಾರೆ. ಈಗ ಏನು ಮಾಡುವುದು? ಹಳೆಯದನ್ನೇ ರಿಪೇರಿ ಮಾಡಿಸುವುದೋ, ರೀಕಂಡೀಶನ್ ಆದದ್ದನ್ನು ತರುವುದೋ, ಕಂಪನಿಯ ಹೊಸದೋ, ಅದೇ ಅಳತೆಯ ಅಗ್ಗದ ಹೊಸದೋ? ಹೇಗೂ ಬಿಚ್ಚುತ್ತಿದ್ದೇವೆ, ದೊಡ್ಡದೇ ಕೂರಿಸಿಬಿಡೋಣ ಅಂತಲೂ ಅನ್ನಿಸುತ್ತದೆ, ಅಲ್ವಾ?

ಹೀಗೆ ಗೊಂದಲದಲ್ಲಿರುವವರು ನನ್ನನ್ನು ಮೊದಲು ಕೇಳುವುದು ಆಂಪಿಯರ್ ಎಷ್ಟಿರಬೇಕು ಅಂತ. ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಆಲ್ಟರ್ನೇಟರ್ ಹಿಂದೆ ಬ್ರೇಕಿಗೆ ಸಹಾಯ ಕೊಡುವ ವ್ಯಾಕ್ಯೂಮ್ ಪಂಪ್ ಇದೆಯಾ, ಅದರ ಸಾಕೆಟ್ಟಿಗೆ ಎಷ್ಟು ವೈರ್ ಬಂದಿವೆ, ಆ ವೈರ್‌ಗಳು ಎಲ್ಲೆಲ್ಲಿಗೆ ಹೋಗುತ್ತವೆ ಅನ್ನುವುದು ಮೊದಲು ಗೊತ್ತಾಗಬೇಕು. ಅದು ಗೊತ್ತಾದರೆ ಅರ್ಧ ಆಯ್ಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ.

ನಿಜವಾಗಿ ಹೋಗಿರುವುದು ಆಲ್ಟರ್ನೇಟರೇನಾ?

ಕೆಲವು ವರ್ಷಗಳ ಹಿಂದೆ ನನ್ನ ಗಾಡಿಯಲ್ಲಿ ಇಂಜಿನ್ ಓಡುವಾಗ ಬ್ಯಾಟರಿ ಮೇಲೆ 13.1 ವೋಲ್ಟ್ ಮಾತ್ರ ಇರುತ್ತಿತ್ತು. ಹೊಸ ಆಲ್ಟರ್ನೇಟರ್ ಹಾಕಿಸಿದೆ. ಆಮೇಲೂ ಅಷ್ಟೇ, 13.1. ಇಂಜಿನ್ನಿನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿಯ ಲಗ್ ಬಿಚ್ಚಿದಾಗ ಅದರಡಿ ಹಸಿರು ಪುಡಿ ಕಟ್ಟಿತ್ತು. ಉಜ್ಜಿ ಬಿಗಿ ಮಾಡಿದೆ, 14.2 ಬಂತು. ಹಳೆ ಆಲ್ಟರ್ನೇಟರಿನಲ್ಲಿ ಏನೂ ತೊಂದರೆ ಇರಲಿಲ್ಲ. ಆ ದಿನದಿಂದ ನಾನು ಮೀಟರ್ ಹಿಡಿಯದೆ ಸ್ಪ್ಯಾನರ್ ಹಿಡಿಯುವುದಿಲ್ಲ.

ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಗಾಡಿ ರಾತ್ರಿಯೆಲ್ಲ ನಿಂತ ಮೇಲೆ ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಇಂಜಿನ್ ಓಡುವಾಗ, ಸ್ವಲ್ಪ ರೇಸ್ ಕೊಟ್ಟರೆ, 13.8ರಿಂದ 14.4ರ ನಡುವೆ ಇರಬೇಕು. ನಿಮ್ಮದು 24 ವೋಲ್ಟ್ ಗಾಡಿಯಾದರೆ ಈ ಸಂಖ್ಯೆಗಳನ್ನು ಎರಡು ಪಟ್ಟು ಮಾಡಿಕೊಳ್ಳಿ.

ಕಡಿಮೆ ಬಂದರೆ ತಕ್ಷಣ ಆಲ್ಟರ್ನೇಟರನ್ನು ದೂರಬೇಡಿ. ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿ. ಮೀಟರಿನ ಒಂದು ಮುಳ್ಳನ್ನು ಆಲ್ಟರ್ನೇಟರಿನ ದಪ್ಪ ಬೋಲ್ಟಿಗೆ, ಅಂದರೆ ಬಿ ಪ್ಲಸ್‌ಗೆ ಇಡಿ. ಇನ್ನೊಂದನ್ನು ಬ್ಯಾಟರಿಯ ಪ್ಲಸ್‌ಗೆ. ಈ ಎರಡರ ನಡುವೆ 0.3 ವೋಲ್ಟಿಗಿಂತ ಜಾಸ್ತಿ ಬಂದರೆ ದಪ್ಪ ಕೇಬಲ್ಲೋ ಅದರ ಲಗ್ಗೋ ಕೆಟ್ಟಿದೆ. ಆಮೇಲೆ ಆಲ್ಟರ್ನೇಟರಿನ ಮೈಯಿಂದ ಬ್ಯಾಟರಿಯ ಮೈನಸ್‌ಗೆ ನೋಡಿ. ಅಲ್ಲಿ 0.2 ದಾಟಿದರೆ ಅರ್ತ್ ಸರಿಯಿಲ್ಲ. ನನ್ನ ಗಾಡಿಯಲ್ಲಿ ಇದ್ದದ್ದು ಇದೇ.

ಮೂರನೆಯದು ದೀಪದ ಪರೀಕ್ಷೆ. ಕೀ ಹಾಕಿ, ಇಂಜಿನ್ ಸ್ಟಾರ್ಟ್ ಮಾಡದೆ ನೋಡಿ. ಚಾರ್ಜಿಂಗ್ ದೀಪ ಚೆನ್ನಾಗಿ ಉರಿಯಬೇಕು. ಉರಿಯದಿದ್ದರೆ ಬಲ್ಬ್ ಹೋಗಿರಬಹುದು, ವೈರ್ ಕಡಿದಿರಬಹುದು, ಅಥವಾ ಒಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿರಬಹುದು. ಸಾಕೆಟ್ ಕಿತ್ತು, ದೀಪದ ವೈರನ್ನು (ಎಲ್ ಅಥವಾ ಡಿ ಪ್ಲಸ್) ಮಾತ್ರ ಒಂದು ತುಂಡು ವೈರಿನಿಂದ ಇಂಜಿನ್ ಮೈಗೆ ಮುಟ್ಟಿಸಿ. ದೀಪ ಹತ್ತಿದರೆ ವೈರಿಂಗ್ ಸರಿಯಿದೆ, ತೊಂದರೆ ಆಲ್ಟರ್ನೇಟರ್ ಒಳಗಿದೆ ಅಂತ ಅರ್ಥ. ಆದರೆ ಮುಟ್ಟಿಸುತ್ತಿರುವುದು ದೀಪದ ವೈರೇ ಅಂತ ಖಾತ್ರಿ ಮಾಡಿಕೊಳ್ಳಿ. ಪಕ್ಕದಲ್ಲಿ ಬ್ಯಾಟರಿಯ ವೋಲ್ಟೇಜ್ ನೋಡಿಕೊಳ್ಳುವ ಎಸ್ ವೈರ್ ಇದ್ದರೆ ಅದರಲ್ಲಿ ಬ್ಯಾಟರಿಯ ಕರೆಂಟ್ ಯಾವಾಗಲೂ ಇರುತ್ತದೆ. ಅದನ್ನು ಮುಟ್ಟಿಸಿದರೆ ಫ್ಯೂಸ್ ಸುಡುತ್ತದೆ, ಫ್ಯೂಸ್ ಇಲ್ಲದಿದ್ದರೆ ವೈರೇ ಸುಡುತ್ತದೆ.

ಕೊನೆಯದು ಡಯೋಡ್, ಅಂದರೆ ಆಲ್ಟರ್ನೇಟರಿನ ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ. ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ, ಇಂಜಿನ್ ಓಡುವಾಗ ಬ್ಯಾಟರಿ ಮೇಲೆ ಹಿಡಿಯಿರಿ. 0.5 ವೋಲ್ಟ್ ದಾಟಿದರೆ ಡಯೋಡ್ ಹೋಗಿರುವ ಅನುಮಾನ ಬಲವಾಗುತ್ತದೆ. ಗಾಡಿ ಸುಮ್ನೆ ನಿಂತಾಗಲೂ ರಾತ್ರೋರಾತ್ರಿ ಬ್ಯಾಟರಿ ಇಳಿಯುತ್ತಿದ್ದರೂ ಡಯೋಡನ್ನೇ ನೋಡಿ.

ಒಂದು ಕೆಲಸ ಮಾತ್ರ ಖಂಡಿತ ಮಾಡಬೇಡಿ. ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆಯಾ ಅಂತ ನೋಡಲು, ಓಡುತ್ತಿರುವ ಇಂಜಿನ್ನಿನಲ್ಲಿ ಬ್ಯಾಟರಿಯ ಲಗ್ ಕೀಳುವ ಹಳೆ ಅಭ್ಯಾಸವಿದೆ. ಡೈನಮೋ ಕಾಲಕ್ಕೆ ಅದು ನಡೆಯುತ್ತಿತ್ತು. ಆಲ್ಟರ್ನೇಟರಿನಲ್ಲಿ ಹಾಗೆ ಕಿತ್ತಾಗ ವೋಲ್ಟೇಜ್ ಒಂದು ಕ್ಷಣ ಹಲವು ಪಟ್ಟು ಏರುತ್ತದೆ. ಡಯೋಡ್, ಕಟೌಟ್ (ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್) ಎರಡೂ ಅಲ್ಲೇ ಹೋಗಬಹುದು.

ಆಯ್ಕೆಗೆ ಮುಂಚೆ ಅಳೆಯಬೇಕಾದದ್ದು

ಎಲ್ಲಕ್ಕಿಂತ ಮೊದಲು ವ್ಯಾಕ್ಯೂಮ್ ಪಂಪ್. ಪೆಟ್ರೋಲ್ ಇಂಜಿನ್ನಿನಲ್ಲಿ ಗಾಳಿ ಎಳೆಯುವ ದಾರಿಯಲ್ಲಿ ಥ್ರಾಟಲ್, ಅಂದರೆ ಗಾಳಿಯನ್ನು ತಡೆಯುವ ಬಾಗಿಲು, ಇರುವುದರಿಂದ ಬ್ರೇಕ್ ಬೂಸ್ಟರಿಗೆ (ಪೆಡಲ್ ಒತ್ತುವ ಬಲವನ್ನು ಹೆಚ್ಚಿಸುವ ಡಬ್ಬಿಗೆ) ಬೇಕಾದ ವ್ಯಾಕ್ಯೂಮ್ ಅಲ್ಲೇ ಸಿಗುತ್ತದೆ. ಹಳೆ ಡೀಸೆಲ್‌ನಲ್ಲಿ ಹಾಗೆ ಸಿಗುವುದಿಲ್ಲ. ಅದಕ್ಕೆ ಬೇರೆ ಪಂಪ್ ಬೇಕು. ಮಿತ್ಸುಬಿಷಿಯ 4ಡಿ56, ನಿಸ್ಸಾನಿನ ಟಿಡಿ42 ತರಹದ ಎಷ್ಟೋ ಜಪಾನಿ ಡೀಸೆಲ್‌ಗಳಲ್ಲಿ ಆ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಅಂಟಿರುತ್ತದೆ. ಅದೇ ಶಾಫ್ಟ್ ಅದನ್ನೂ ತಿರುಗಿಸುತ್ತದೆ. ಇಂಜಿನ್ ಆಯಿಲ್ ಒಂದು ಸಣ್ಣ ಪೈಪಿನಲ್ಲಿ ಬಂದು, ಒಂದು ದಪ್ಪ ಪೈಪಿನಲ್ಲಿ ವಾಪಸ್ ಹೋಗುತ್ತದೆ. ಲ್ಯಾಂಡ್ ರೋವರಿನ 200 ಮತ್ತು 300 ಟಿಡಿಐ ಇಂಜಿನ್‌ಗಳಲ್ಲಿ ಪಂಪ್ ಇಂಜಿನ್ ಬ್ಲಾಕಿಗೇ ಕೂತಿರುತ್ತದೆ, ಆಲ್ಟರ್ನೇಟರಿಗೂ ಅದಕ್ಕೂ ಸಂಬಂಧವಿಲ್ಲ. ನಿಮ್ಮದು ಯಾವ ಬಗೆ ಅಂತ ಟಾರ್ಚ್ ಹಿಡಿದು ಬಗ್ಗಿ ನೋಡಿ. ಆಲ್ಟರ್ನೇಟರಿನ ಹಿಂದೆ ರಬ್ಬರ್ ಹೋಸ್, ಆಯಿಲ್ ಪೈಪ್ ಕಂಡರೆ ನೀವು ಕೊಳ್ಳುತ್ತಿರುವುದು ಬರೀ ಕರೆಂಟ್ ಮಾಡುವ ವಸ್ತುವಲ್ಲ, ಬ್ರೇಕಿನ ಒಂದು ಭಾಗ. ಆಯ್ಕೆಯ ಬಿಗಿ ಅಲ್ಲಿಂದಲೇ ಬರಬೇಕು.

ಎರಡನೆಯದು ವೈರ್. ಸಾಕೆಟ್ ಕಿತ್ತು ಎಣಿಸಿ. ಎಲ್ ಅಥವಾ ಡಿ ಪ್ಲಸ್ ಅಂದರೆ ಚಾರ್ಜಿಂಗ್ ದೀಪದ ವೈರ್. ಐಜಿ ಅಂದರೆ ಕೀ ಹಾಕಿದಾಗ ಬರುವ ಕರೆಂಟ್. ಎಸ್ ಅಂದರೆ ಬ್ಯಾಟರಿಯ ವೋಲ್ಟೇಜನ್ನು ನೋಡಿಕೊಳ್ಳುವ ವೈರ್. ಡಬ್ಲ್ಯೂ ಅಂದರೆ ಆರ್‌ಪಿಎಂ ಮೀಟರಿಗೆ ಹೋಗುವುದು. ಡೀಸೆಲ್‌ನಲ್ಲಿ ಇಗ್ನಿಷನ್ ಕಾಯಿಲ್ ಇಲ್ಲವಲ್ಲ, ಹಾಗಾಗಿ ಎಷ್ಟೋ ಗಾಡಿಗಳು ಆರ್‌ಪಿಎಂ ಲೆಕ್ಕವನ್ನು ಇಲ್ಲಿಂದ ತೆಗೆದುಕೊಳ್ಳುತ್ತವೆ. ಇನ್ನೂ ಹಳೆಯದಾದರೆ ಕಟೌಟ್ ಹೊರಗೆ ಬೇರೆ ಡಬ್ಬಿಯಲ್ಲಿ ಇರುತ್ತದೆ. ಆಗ ಎಫ್, ಎನ್ ಅನ್ನುವ ವೈರ್‌ಗಳು ಬರುತ್ತವೆ. ಎನ್ ವೈರಿನಲ್ಲಿ ಸುಮಾರು ಅರ್ಧ ವೋಲ್ಟೇಜ್, ಅಂದರೆ 7 ವೋಲ್ಟ್ ಆಸುಪಾಸು ಬರುತ್ತದೆ. ಅದು ದೀಪದ ರಿಲೇಗೆ ಹೋಗುತ್ತದೆ. ಪ್ರತಿ ವೈರಿಗೂ ಟೇಪ್ ಸುತ್ತಿ ಹೆಸರು ಬರೆದು ಒಂದು ಫೋಟೋ ತೆಗೆದಿಡಿ. ಬಣ್ಣ ನಂಬಬೇಡಿ. ಇಪ್ಪತ್ತು ಮೂವತ್ತು ವರ್ಷದ ಗಾಡಿಯಲ್ಲಿ ಯಾರು ಯಾವಾಗ ಯಾವ ಬಣ್ಣದ ವೈರ್ ಸೇರಿಸಿದ್ದಾರೋ ಹೇಳಲಾಗದು.

ಮೂರನೆಯದು ನಿಮಗೆ ನಿಜವಾಗಿ ಬೇಕಾದ ಕರೆಂಟ್. ಇಲ್ಲಿ ಹಳೆ ಡೀಸೆಲ್ ತುಂಬ ಮಿತವ್ಯಯಿ. ಮೆಕ್ಯಾನಿಕಲ್ ಡೀಸೆಲ್ ಪಂಪಿನ ಇಂಜಿನ್ನಿಗೆ ಓಡುವಾಗ ಬೇಕಾಗುವುದು ಸೊಲೆನಾಯ್ಡಿಗೆ (ಕರೆಂಟ್ ಇದ್ದಾಗ ಡೀಸೆಲ್ ಬಿಟ್ಟು, ಕೀ ತೆಗೆದಾಗ ತಡೆಯುವ ವಾಲ್ವಿಗೆ) ಸುಮಾರು 1 ಆಂಪಿಯರ್, ಅಷ್ಟೇ. 55 ವ್ಯಾಟಿನ ಎರಡು ಹೆಡ್‌ಲೈಟ್ ಸೇರಿ 8ರಿಂದ 9 ಆಂಪಿಯರ್. ಬ್ಲೋವರ್, ವೈಪರ್, ಸಣ್ಣ ದೀಪಗಳು ಎಲ್ಲ ಸೇರಿಸಿದರೂ ಸಾಮಾನ್ಯವಾಗಿ 40ರೊಳಗೆ ಮುಗಿಯುತ್ತದೆ. ಗಾಡಿಯೊಳಗಿನ ಕಂಪ್ರೆಸರ್ ಫ್ರಿಜ್ ಓಡುವಾಗ 4ರಿಂದ 5 ಆಂಪಿಯರ್ ತಿನ್ನುತ್ತದೆ. ಕರೆಂಟ್ ತಿನ್ನುವುದು ಇಳಿದುಹೋದ ಎರಡನೇ ಬ್ಯಾಟರಿ. ಅದು ಮೊದಲ ಹೊತ್ತಿನಲ್ಲಿ 30-40 ಆಂಪಿಯರ್ ಎಳೆಯಬಹುದು. ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ಮೋಟರ್) ಇದೆ, ಹಾಗಾಗಿ ದೊಡ್ಡ ಆಲ್ಟರ್ನೇಟರ್ ಬೇಕು ಅನ್ನುವ ವಾದವೂ ಕೇಳಿಬರುತ್ತದೆ. 12 ವೋಲ್ಟಿನ ವಿಂಚ್ ಪೂರ್ತಿ ಭಾರದಲ್ಲಿ 400 ಆಂಪಿಯರ್‌ವರೆಗೆ ಎಳೆಯುತ್ತದೆ. ಅದನ್ನು ಕೊಡುವುದು ಬ್ಯಾಟರಿಯೇ. ಆಲ್ಟರ್ನೇಟರ್ ಆಮೇಲೆ ನಿಧಾನವಾಗಿ ತುಂಬಿಸುತ್ತದೆ. ವಿಂಚಿಗಾಗಿ ಖರ್ಚು ಮಾಡುವುದಾದರೆ ಮೊದಲು ಒಳ್ಳೆ ಬ್ಯಾಟರಿಗೆ ಮಾಡಿ.

ನಾಲ್ಕನೆಯದು ಗಾಡಿ ಹೋಗುವ ಜಾಗ. ಕೆಸರು, ನೀರು, ಊರಿಂದ ದೂರ. ಅಲ್ಲಿ ಕೆಟ್ಟರೆ ಬ್ರಷ್ ಬದಲಿಸಿ ಮನೆ ಸೇರಬಹುದಾ ಅನ್ನುವುದು ನನಗಂತೂ ತುಂಬ ಮುಖ್ಯ.

ಹಳೆಯದನ್ನೇ ರಿಪೇರಿ ಮಾಡಿಸುವುದು

ನನ್ನ ಮನಸ್ಸು ಮೊದಲು ಹೋಗುವುದು ಇದರ ಕಡೆಗೇ. ಕಾರಣ ಸರಳ. ಅಳತೆ, ಪುಲ್ಲಿ, ಸಾಕೆಟ್, ಪಂಪ್ ಎಲ್ಲ ಈಗಾಗಲೇ ಹೊಂದಿಕೊಂಡಿದೆ. ಹೊಸದರಲ್ಲಿ ಬರುವ ಅರ್ಧ ತಲೆನೋವು ಇಲ್ಲಿ ಇಲ್ಲ.

ಆಲ್ಟರ್ನೇಟರಿನಲ್ಲಿ ಸವೆಯುವುದು ಕೆಲವೇ ಭಾಗಗಳು. ಕಾರ್ಬನ್ ಬ್ರಷ್, ಎರಡು ಬೇರಿಂಗ್, ಬ್ರಷ್ ಉಜ್ಜುವ ಸ್ಲಿಪ್ ರಿಂಗ್. ಇವುಗಳ ಜೊತೆ ಕೆಡಬಹುದಾದದ್ದು ಕಟೌಟ್ ಮತ್ತು ಡಯೋಡ್ ಪ್ಲೇಟ್. ಒಳಗೆ ತಿರುಗುವ ರೋಟರ್, ಅದರ ಸುತ್ತ ನಿಂತಿರುವ ಸ್ಟೇಟರ್, ಇವುಗಳ ವೈಂಡಿಂಗ್ ಸುಟ್ಟಿರುವುದು ಅಪರೂಪ. ಬಿಚ್ಚಿದಾಗ ಎರಡು ಸ್ಲಿಪ್ ರಿಂಗ್ ನಡುವೆ ಓಮ್ ನೋಡಿ. 12 ವೋಲ್ಟಿನದರಲ್ಲಿ ಸಾಮಾನ್ಯವಾಗಿ 2ರಿಂದ 5 ಓಮ್ ಒಳಗೆ ಬರುತ್ತದೆ. ರಿಂಗಿನಿಂದ ಶಾಫ್ಟಿಗೆ ಏನೂ ತೋರಿಸಬಾರದು. ತೋರಿಸಿದರೆ ರೋಟರ್ ಅರ್ತ್ ಆಗಿದೆ, ಆಗ ರಿಪೇರಿಯ ಲೆಕ್ಕ ಬದಲಾಗುತ್ತದೆ.

ಬ್ರಷ್ ಮಾತ್ರ ಸವೆದಿದ್ದರೆ ಇಡೀ ಆಲ್ಟರ್ನೇಟರ್ ಬದಲಿಸುವುದು ನನಗೆ ಒಪ್ಪಿಗೆಯಾಗದ ಮಾತು. ಎಷ್ಟೋ ಮಾದರಿಗಳಲ್ಲಿ ಬ್ರಷ್ ಮತ್ತು ಕಟೌಟ್ ಒಂದೇ ತುಂಡಾಗಿ ಬರುತ್ತವೆ. ಹಿಂದಿನ ಕೆಲವು ಸ್ಕ್ರೂ ಬಿಚ್ಚಿದರೆ ಅದು ಕೈಗೆ ಬರುತ್ತದೆ. ಬೇರಿಂಗ್ ಬದಲಿಸುವವರು ಒಳ್ಳೆ ಕಂಪನಿಯ, ಎರಡೂ ಕಡೆ ಸೀಲ್ ಇರುವ ಬೇರಿಂಗ್ ಕೇಳಿ ಹಾಕಿಸಿಕೊಳ್ಳಿ. ಅಲ್ಲಿ ಉಳಿಸುವುದು ಅಲ್ಪ, ಮತ್ತೆ ಬಿಚ್ಚುವ ಕೆಲಸ ಮಾತ್ರ ಅಷ್ಟೇ ದೊಡ್ಡದು.

ರಿಪೇರಿ ಬೇಡ ಅನ್ನುವ ಸಂದರ್ಭವೂ ಇದೆ. ಪಂಪಿನ ಸೀಲ್ ಸೋರಿ ಒಳಗೆಲ್ಲ ಆಯಿಲ್ ತುಂಬಿ ಬ್ರಷ್ ಜಿಡ್ಡಾಗಿದ್ದರೆ, ಸೀಲ್ ಬದಲಿಸದೆ ಬ್ರಷ್ ಹಾಕಿ ಪ್ರಯೋಜನವಿಲ್ಲ. ಪಂಪಿನ ಒಳಗಿನ ಗೋಡೆ ಗೀರುಬಿದ್ದಿದ್ದರೆ, ಅಥವಾ ಬೇರಿಂಗ್ ಸಡಿಲವಾಗಿ ರೋಟರ್ ಸ್ಟೇಟರಿಗೆ ಉಜ್ಜಿದ್ದರೆ ಬೇರೆಯದನ್ನೇ ನೋಡುವುದು ಒಳ್ಳೆಯದು. ಗಾಡಿ ದಿನವೂ ದುಡಿಯಬೇಕಾದದ್ದು, ನಾಲ್ಕು ದಿನ ನಿಲ್ಲಿಸಲು ಆಗುವುದಿಲ್ಲ ಅನ್ನುವವರಿಗೂ ಇದು ಕಷ್ಟ.

ರೀಕಂಡೀಶನ್ ಆದದ್ದು, ಗುಜರಿಯದ್ದು

ರೀಕಂಡೀಶನ್ ಅನ್ನುವ ಒಂದೇ ಪದದಡಿ ಎರಡು ಬೇರೆ ವಸ್ತುಗಳು ಮಾರಾಟವಾಗುತ್ತವೆ. ಒಂದು, ಪೂರ್ತಿ ಬಿಚ್ಚಿ ಬೇರಿಂಗ್, ಬ್ರಷ್, ಕಟೌಟ್ ಬದಲಿಸಿ, ಬೆಂಚಿನ ಮೇಲೆ ಲೋಡ್ ಹಾಕಿ ನೋಡಿದ್ದು. ಇನ್ನೊಂದು, ತೊಳೆದು ಬೆಳ್ಳಿ ಬಣ್ಣ ಹೊಡೆದದ್ದು. ಯಾವುದೆಲ್ಲ ಬದಲಿಸಿದ್ದೀರಿ ಅಂತ ಕೇಳಿ. ಲೋಡಿನಲ್ಲಿ ಎಷ್ಟು ಆಂಪಿಯರ್ ಬಂತು ಅಂತ ಕೇಳಿ. ಪುಲ್ಲಿ ಹಿಡಿದು ಅಲುಗಾಡಿಸಿ, ಕೈಯಲ್ಲಿ ತಿರುಗಿಸಿ, ಕಿವಿ ಹತ್ತಿರ ಇಟ್ಟು ಕೇಳಿ. ಪಂಪ್ ಇದ್ದರೆ ಅದನ್ನೂ ಬಿಚ್ಚಿ ಸೀಲ್ ಬದಲಿಸಿದ್ದಾರಾ ಅನ್ನುವುದಕ್ಕೆ ನೇರ ಉತ್ತರ ಬರಬೇಕು. ನೇರ ಉತ್ತರ ಬಾರದಿದ್ದರೆ ನಾನು ವಾಪಸ್ ಬರುತ್ತೇನೆ.

ಕೈ ಬಿಗಿಯಿದ್ದು, ಗಾಡಿಯೂ ಬೇಗ ಓಡಬೇಕು ಅನ್ನುವವರಿಗೆ ಒಳ್ಳೆಯ ರೀಕಂಡೀಶನ್ ಸರಿಯಾದ ನಡು ದಾರಿ. ನಿಮ್ಮ ಹಳೆಯದನ್ನು ಬದಲಿಗೆ ಕೊಡಬೇಕು ಅನ್ನುತ್ತಾರೆ. ಅದರಲ್ಲಿ ಕೆಟ್ಟಿರುವುದು ಬರೀ ಬ್ರಷ್ ಆಗಿದ್ದರೆ ಕೊಡುವ ಮುಂಚೆ ಯೋಚಿಸಿ.

ಗುಜರಿಯಿಂದ ತಂದದ್ದನ್ನು ಹಾಗೆಯೇ ಗಾಡಿಗೆ ಹಾಕಬೇಡಿ. ಬಿಡಿಭಾಗಗಳಿಗಾಗಿ ಮಾತ್ರ ತನ್ನಿ.

ಹೊಸದು: ಕಂಪನಿಯದೋ, ಹೊರಗಿನದೋ

ಕಂಪನಿಯ ಹೊಸದರ ಬಗ್ಗೆ ಹೆಚ್ಚು ಹೇಳುವುದೇನಿದೆ? ಸಿಕ್ಕರೆ, ಕೈಗೆಟುಕಿದರೆ, ಪಂಪ್ ಇರುವ ಗಾಡಿಗೆ ಅದಕ್ಕಿಂತ ನಿಶ್ಚಿಂತೆ ಬೇರೆ ಇಲ್ಲ. ಆದರೆ ಹಳೆ ಮಾದರಿಗಳಿಗೆ ಸಿಗುವುದೇ ಕಷ್ಟ. ಸಿಕ್ಕರೂ ಎಲ್ಲಕ್ಕಿಂತ ದುಬಾರಿ.

ಹೊರಗಿನವರು ಮಾಡಿದ ಅದೇ ಅಳತೆಯ ಹೊಸದು ಸುಲಭವಾಗಿ ಸಿಗುತ್ತದೆ. ಇದರಲ್ಲಿ ಗುಣಮಟ್ಟ ತುಂಬ ಏರುಪೇರು. ಹೊರಗಿಂದ ನೋಡಿದರೆ ಎಲ್ಲ ಒಂದೇ. ವ್ಯತ್ಯಾಸ ಇರುವುದು ಬೇರಿಂಗ್, ಡಯೋಡ್, ಪಂಪಿನ ಬ್ಲೇಡಿನಲ್ಲಿ. ಕೊಳ್ಳುವಾಗ ಹಳೆಯದನ್ನು ಪಕ್ಕದಲ್ಲಿಟ್ಟು ಹೋಲಿಸಿ. ಬೋಲ್ಟ್ ಹಾಕುವ ಕಿವಿಗಳ ನಡುವಿನ ಅಂತರ, ಬೋಲ್ಟಿನ ತೂತಿನ ಅಳತೆ, ಪುಲ್ಲಿಯ ವ್ಯಾಸ, ಅದರಲ್ಲಿ ಬೆಲ್ಟ್ ಕೂರುವ ತೋಡುಗಳ ಸಂಖ್ಯೆ, ಸಾಕೆಟ್, ಆಯಿಲ್ ಪೈಪಿನ ಥ್ರೆಡ್. ಪುಲ್ಲಿ ಸ್ವಲ್ಪ ದೊಡ್ಡದಿದ್ದರೂ ಡೀಸೆಲ್‌ನಲ್ಲಿ ಕಾಣಿಸುತ್ತದೆ. ಯಾಕೆಂದರೆ ಡೀಸೆಲ್ ನಿಧಾನವಾಗಿ ತಿರುಗುವ ಇಂಜಿನ್. ಆಲ್ಟರ್ನೇಟರ್ ಮೇಲೆ ಬರೆದ ಆಂಪಿಯರ್ ಸಾಮಾನ್ಯವಾಗಿ ಅದು ನಿಮಿಷಕ್ಕೆ 6000 ಸುತ್ತು ತಿರುಗುವಾಗಿನದು. ಇಂಜಿನ್ ಪುಲ್ಲಿ ಎರಡೂವರೆ ಪಟ್ಟು ದೊಡ್ಡದು ಅಂದುಕೊಳ್ಳಿ. 750ರ ಐಡಲಿನಲ್ಲಿ ಆಲ್ಟರ್ನೇಟರ್ ತಿರುಗುವುದು 1875 ಸುತ್ತು ಮಾತ್ರ. ಬರೆದದ್ದರಲ್ಲಿ ಅರ್ಧ ಬಂದರೂ ಸಮಾಧಾನ ಪಡಬೇಕು. ಟ್ರಾಫಿಕ್ಕಿನಲ್ಲಿ, ಕಚ್ಚಾ ದಾರಿಯಲ್ಲಿ ನಿಧಾನಕ್ಕೆ ಓಡಿಸುವವರು 6000ದ ಸಂಖ್ಯೆ ಬಿಟ್ಟು, ಕಡಿಮೆ ಸುತ್ತಿನಲ್ಲಿ ಎಷ್ಟು ಕೊಡುತ್ತದೆ ಅಂತ ಕೇಳಬೇಕು.

ದೊಡ್ಡ ಆಂಪಿಯರ್‌ನದು: ಯಾರಿಗೆ ಬೇಕು, ಜೊತೆಗೆ ಏನೇನು ಬೇಕು

ಎರಡನೇ ಬ್ಯಾಟರಿ, ಫ್ರಿಜ್, ಹೆಚ್ಚಿನ ದೀಪಗಳು ಇದ್ದು, ದಿನಗಟ್ಟಲೆ ಹೊರಗೆ ಇರುವವರಿಗೆ 90-100 ಆಂಪಿಯರ್‌ನದು ಉಪಯೋಗಕ್ಕೆ ಬರುತ್ತದೆ. ಅದಕ್ಕಾಗಿ ಬೇರೆ ಗಾಡಿಯ ಆಲ್ಟರ್ನೇಟರ್ ಕೂರಿಸುವವರೂ ಇದ್ದಾರೆ. ಆದರೆ ಇದು ಒಂದು ವಸ್ತು ಬದಲಿಸುವ ಕೆಲಸವಲ್ಲ. ಕೇಬಲ್, ಫ್ಯೂಸ್, ಬೆಲ್ಟ್, ಬ್ರಾಕೆಟ್, ಮೀಟರ್ ಎಲ್ಲವನ್ನೂ ಮುಟ್ಟಬೇಕು. ಬಜೆಟ್ ಹಾಕುವಾಗ ಇಷ್ಟನ್ನೂ ಸೇರಿಸಿ.

ಕೇಬಲ್ಲಿನ ಲೆಕ್ಕ ನೋಡಿ. 100 ಆಂಪಿಯರ್, ಒಂದೂವರೆ ಮೀಟರ್ ಉದ್ದ. ಹಳೆ 6 ಚದರ ಮಿ.ಮೀ. ವೈರಿನಲ್ಲಿ ಸುಮಾರು 0.44 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಅಷ್ಟೇ ಅಲ್ಲ, ಆ ವೈರ್ ಕಾದು ಸಿಪ್ಪೆ ಕರಗುತ್ತದೆ. 16ರಲ್ಲಿ 0.16, 25ರಲ್ಲಿ 0.1. ಹಾಗಾಗಿ 100 ಆಂಪಿಯರಿಗೆ 25 ಚದರ ಮಿ.ಮೀ. ಹಾಕಿ. ಅಷ್ಟೇ ದಪ್ಪದ ಅರ್ತ್ ಕೇಬಲ್ ಆಲ್ಟರ್ನೇಟರಿನ ಬ್ರಾಕೆಟ್ಟಿನಿಂದ ಬ್ಯಾಟರಿ ಮೈನಸ್‌ಗೂ ಎಳೆಯಿರಿ. ಹೋದ ಕರೆಂಟ್ ವಾಪಸ್ ಬರಬೇಕಲ್ಲ. ಪ್ಲಸ್ ಕೇಬಲ್ಲಿಗೆ ಬ್ಯಾಟರಿಯ ಹತ್ತಿರ 125 ಆಂಪಿಯರ್ ಫ್ಯೂಸ್ ಇರಲಿ. ಕೇಬಲ್ ಎಲ್ಲಾದರೂ ಉಜ್ಜಿ ಇಂಜಿನ್ನಿಗೆ ತಾಗಿದರೆ ಬೆಂಕಿಯಾಗುವಷ್ಟು ಕರೆಂಟ್ ಬರುವುದು ಬ್ಯಾಟರಿಯಿಂದ. ಅದಕ್ಕೇ ಫ್ಯೂಸ್ ಆ ತುದಿಯಲ್ಲಿ ಇರಬೇಕು.

ಡ್ಯಾಶ್‌ಬೋರ್ಡಿನಲ್ಲಿ ಹಳೆ ಆಂಪಿಯರ್ ಮೀಟರ್ ಇದ್ದರೆ ಎಚ್ಚರ. ಕೆಲವು ಗಾಡಿಗಳಲ್ಲಿ ಚಾರ್ಜಿಂಗಿನ ಪೂರ್ತಿ ಕರೆಂಟ್ ಆ ಮೀಟರಿನ ಮೂಲಕವೇ ಹೋಗುತ್ತದೆ. 30 ಆಂಪಿಯರಿಗೆ ಮಾಡಿದ ಮೀಟರಿಗೆ 80 ಹರಿಸಿದರೆ ಡ್ಯಾಶಿನ ಹಿಂದೆಯೇ ಸುಡುತ್ತದೆ. ಅದನ್ನು ದಾರಿಯಿಂದ ತೆಗೆದು ವೋಲ್ಟ್ ಮೀಟರ್ ಹಾಕಿ.

ಬೆಲ್ಟಿನದೂ ಒಂದು ಮಿತಿ ಇದೆ. 100 ಆಂಪಿಯರ್ 14 ವೋಲ್ಟ್ ಅಂದರೆ 1400 ವ್ಯಾಟ್. ಆಲ್ಟರ್ನೇಟರ್ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ದಕ್ಷತೆಯಲ್ಲಿ ಕೆಲಸ ಮಾಡುವುದರಿಂದ ಬೆಲ್ಟ್ ಎಳೆಯಬೇಕಾದದ್ದು ಮೂರು ಅಶ್ವಶಕ್ತಿಗಿಂತ ಹೆಚ್ಚು. ಒಂಟಿ ವಿ ಬೆಲ್ಟ್ ಸಾಮಾನ್ಯವಾಗಿ 65-70 ಆಂಪಿಯರ್ ದಾಟಿದಾಗ ಜಾರಲು, ಕಿರುಚಲು ಶುರು ಮಾಡುತ್ತದೆ. ಕಿರುಚುತ್ತದೆ ಅಂತ ತುಂಬ ಬಿಗಿ ಮಾಡಿದರೆ ಬೇರಿಂಗ್ ಹೋಗುತ್ತದೆ, ವಾಟರ್ ಪಂಪಿನದ್ದೂ ಸೇರಿ. ನಿಮ್ಮದು ಒಂಟಿ ಬೆಲ್ಟಾದರೆ 65-70 ಆಂಪಿಯರ್‌ನದಕ್ಕೇ ನಿಲ್ಲಿಸಿ. ಜೋಡಿ ಬೆಲ್ಟ್ ಇದ್ದರೆ ಮುಂದೆ ಹೋಗಿ.

ಹೊಸ ಕಾಲದ ಗಾಡಿಗಳ ಆಲ್ಟರ್ನೇಟರ್‌ಗಳಲ್ಲಿ ಎಷ್ಟೋ ಕಂಪ್ಯೂಟರಿನ ಮಾತು ಕೇಳಿ ಕೆಲಸ ಮಾಡುವಂಥವು. ನಿಮ್ಮ ಗಾಡಿಯಲ್ಲಿ ಹೇಳುವವರೇ ಇಲ್ಲದಿದ್ದಾಗ ಅವು ಸರಿಯಾಗಿ ಚಾರ್ಜ್ ಮಾಡುವುದಿಲ್ಲ. ಎರಡನೇ ಬ್ಯಾಟರಿ ಲಿಥಿಯಂ ಆದರೆ ನೇರವಾಗಿ ಜೋಡಿಸಬೇಡಿ. ಅದು ಸಿಕ್ಕಷ್ಟೂ ಕರೆಂಟ್ ಎಳೆದುಕೊಂಡು ಆಲ್ಟರ್ನೇಟರನ್ನು ಕಾಯಿಸುತ್ತದೆ. ನಡುವೆ ಡಿಸಿ-ಡಿಸಿ ಚಾರ್ಜರ್ ಹಾಕಿ. ಅದು ಎಳೆತಕ್ಕೆ ಮಿತಿ ಹಾಕುವುದರಿಂದ ಹಳೆ ಆಲ್ಟರ್ನೇಟರೇ ಸಾಕಾಗುವುದೂ ಉಂಟು.

ಒಂದೇ ವೈರಿನ ಆಲ್ಟರ್ನೇಟರ್ ಬಗ್ಗೆ

ದಪ್ಪ ಕೇಬಲ್ ಒಂದನ್ನು ಕಟ್ಟಿದರೆ ಸಾಕು, ಬೇರೆ ವೈರಿಂಗ್ ಬೇಡ ಅನ್ನುವ ಬಗೆ ಒಂದಿದೆ. ಕೇಳಲು ತುಂಬ ಚೆನ್ನಾಗಿದೆ. ಹಳೆ ಡೀಸೆಲ್ ಗಾಡಿಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ಮೊದಲನೆಯದಾಗಿ, ಸ್ಟಾರ್ಟ್ ಮಾಡಿದ ಮೇಲೆ ಒಮ್ಮೆ ಚೆನ್ನಾಗಿ ರೇಸ್ ಕೊಡುವವರೆಗೂ ಅದು ಏಳುವುದಿಲ್ಲ. ತಣ್ಣಗಿರುವ ಇಂಜಿನ್ನಿಗೆ ಹಾಗೆ ರೇಸ್ ಕೊಡುವುದು ಒಳ್ಳೆಯದಲ್ಲ. ಎರಡನೆಯದಾಗಿ, ಅದು ತನ್ನ ಬೋಲ್ಟಿನ ಮೇಲಿನ ವೋಲ್ಟೇಜ್ ಮಾತ್ರ ನೋಡುತ್ತದೆ, ಬ್ಯಾಟರಿಯದ್ದಲ್ಲ. ಮೂರನೆಯದೇ ದೊಡ್ಡದು. ಚಾರ್ಜಿಂಗ್ ದೀಪ ಇರುವುದಿಲ್ಲ. ಪಂಪ್ ಆಲ್ಟರ್ನೇಟರಿನ ಹಿಂದೆ ಇರುವ ಗಾಡಿಯಲ್ಲಿ ಬೆಲ್ಟ್ ಹರಿದರೆ ಬ್ರೇಕಿನ ಸಹಾಯವೂ ಹೋಗುತ್ತದೆ. ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಒಂದೆರಡು ಸಲ ತುಳಿಯುವಷ್ಟರಲ್ಲಿ ಮುಗಿಯುತ್ತದೆ. ಆಮೇಲೆ ಪೆಡಲ್ ಕಲ್ಲಿನಂತೆ. ಅಂಥ ಗಾಡಿಯಲ್ಲಿ ಚಾರ್ಜಿಂಗ್ ದೀಪ ನಿಮ್ಮ ಬ್ರೇಕಿನ ಎಚ್ಚರಿಕೆ ದೀಪವೂ ಹೌದು. ಇಳಿಜಾರಿನಲ್ಲಿ ಅದು ಹತ್ತಿದರೆ ಬ್ರೇಕ್ ಪದೇ ಪದೇ ತುಳಿಯದೆ, ಗೇರ್ ಇಳಿಸಿ, ಗಾಡಿ ನಿಲ್ಲಿಸಬೇಕು. ಆ ದೀಪವನ್ನು ಕಳೆದುಕೊಳ್ಳುವ ಯಾವ ಆಯ್ಕೆಯೂ ನನಗೆ ಬೇಡ.

ವೈರ್ ಕಟ್ಟುವಾಗ

ಮೊದಲು ಬ್ಯಾಟರಿಯ ಮೈನಸ್ ಕಳಚಿ. ಬಿ ಪ್ಲಸ್ ಬೋಲ್ಟಿನಲ್ಲಿ ಕೀ ತೆಗೆದಾಗಲೂ ಕರೆಂಟ್ ಇರುತ್ತದೆ.

ದೀಪ ಬರೀ ತೋರಿಕೆಗಲ್ಲ. ಆ ಬಲ್ಬಿನ ಮೂಲಕ ಹೋಗುವ ಸಣ್ಣ ಕರೆಂಟೇ ರೋಟರನ್ನು ಮೊದಲ ಸಲ ಎಬ್ಬಿಸುತ್ತದೆ. ಎಲ್‌ಇಡಿ ಬಲ್ಬ್ ಹಾಕಿದರೆ ಅದು ಸಾಲುವುದಿಲ್ಲ. ಗಾಡಿ ಸ್ಟಾರ್ಟ್ ಆಗಿ ರೇಸ್ ಕೊಟ್ಟ ಮೇಲಷ್ಟೇ ಚಾರ್ಜ್ ಶುರುವಾಗುತ್ತದೆ. 12 ವೋಲ್ಟ್ ಗಾಡಿಯಲ್ಲಿ ಎಲ್‌ಇಡಿಯೇ ಬೇಕಾದರೆ ಅದಕ್ಕೆ ಸಮಾನಾಂತರವಾಗಿ 68 ಓಮ್, 5 ವ್ಯಾಟಿನ ರೆಸಿಸ್ಟರ್ ಕೂರಿಸಿ.

ಬಲ್ಬ್ ಬಿಟ್ಟು, ಕೀ ಕರೆಂಟನ್ನು ನೇರವಾಗಿ ದೀಪದ ಟರ್ಮಿನಲ್ಲಿಗೆ ಕಟ್ಟಬೇಡಿ. ಹಾಗೆ ಕಟ್ಟಿದ ಗಾಡಿಯಲ್ಲಿ ಕೀ ತೆಗೆದರೂ ಇಂಜಿನ್ ನಿಲ್ಲದಿರಬಹುದು. ಆಲ್ಟರ್ನೇಟರಿನಿಂದ ಕರೆಂಟ್ ಅದೇ ವೈರಿನಲ್ಲಿ ಹಿಂದಕ್ಕೆ ಬಂದು ಡೀಸೆಲ್ ಸೊಲೆನಾಯ್ಡನ್ನು ತೆರೆದೇ ಹಿಡಿದಿಡುತ್ತದೆ.

ಕಟೌಟ್ ಹೊರಗಿದ್ದ ಗಾಡಿಗೆ ಕಟೌಟ್ ಒಳಗಿರುವ ಆಲ್ಟರ್ನೇಟರ್ ಹಾಕುವುದು ಒಳ್ಳೆಯ ಬದಲಾವಣೆ. ಆದರೆ ಹಳೆ ಡಬ್ಬಿಯನ್ನು ಸಂಪರ್ಕದಿಂದ ಪೂರ್ತಿ ತೆಗೆಯಿರಿ. ದೀಪ ಎನ್ ವೈರಿನ ರಿಲೇಯಿಂದ ಓಡುತ್ತಿದ್ದರೆ, ಅದನ್ನು ಹೊಸ ಆಲ್ಟರ್ನೇಟರಿನ ಎಲ್‌ಗೆ ಕಟ್ಟಬೇಕು. ಎಸ್ ವೈರನ್ನು ಸಣ್ಣ ಫ್ಯೂಸಿನ ಮೂಲಕ ನೇರ ಬ್ಯಾಟರಿ ಪ್ಲಸ್‌ಗೆ ಎಳೆಯಿರಿ.

ಬೇರೆ ಮಾದರಿಯದನ್ನು ಹಾಕಿದ ಮೇಲೆ ಆರ್‌ಪಿಎಂ ಮೀಟರ್ ತಪ್ಪು ತೋರಿಸಿದರೆ ಗಾಬರಿ ಬೇಡ. ಪುಲ್ಲಿಯ ಅಳತೆ ಅಥವಾ ಒಳಗಿನ ಧ್ರುವಗಳ ಸಂಖ್ಯೆ ಬೇರೆ ಇದೆ ಅಷ್ಟೇ.

ಹಾಕಿದ ಮೇಲೂ ದೀಪ ಕಾಡಿದರೆ

ಇಂಜಿನ್ ಓಡುವಾಗ ದೀಪ ಮಂದವಾಗಿ ಉರಿಯುತ್ತಿದ್ದರೆ, ಬಲ್ಬಿನ ಎರಡೂ ಬದಿಯ ವೋಲ್ಟೇಜ್ ಸಮವಾಗಿಲ್ಲ ಅಂತ ಅರ್ಥ. ಆಲ್ಟರ್ನೇಟರಿನ ಸಣ್ಣ ಡಯೋಡ್ ಇರಬಹುದು. ಹಳೆ ಕೀ ಸ್ವಿಚ್ಚಿನಲ್ಲಿ, ಫ್ಯೂಸ್ ಬಾಕ್ಸಿನಲ್ಲಿ ವೋಲ್ಟೇಜ್ ಬೀಳುತ್ತಿದ್ದರೂ ಹೀಗೇ ಆಗುತ್ತದೆ. ಹೊಸದನ್ನು ವಾಪಸ್ ಕೊಡುವ ಮುಂಚೆ ಅಲ್ಲಿ ಮೀಟರ್ ಇಡಿ. ಕೀ ತೆಗೆದ ಮೇಲೂ ದೀಪ ಉರಿದರೆ ಪ್ಲಸ್ ಕಡೆಯ ಡಯೋಡ್ ಶಾರ್ಟ್ ಆಗಿದೆ. ಅದನ್ನು ಹಾಗೇ ಬಿಟ್ಟರೆ ಬೆಳಗ್ಗೆಗೆ ಬ್ಯಾಟರಿ ಖಾಲಿ. ವೋಲ್ಟೇಜ್ 15 ದಾಟಿದರೆ ಮೊದಲು ಎಸ್ ವೈರ್ ನೋಡಿ, ಆಮೇಲೆ ಕಟೌಟ್. ಅಷ್ಟು ವೋಲ್ಟೇಜಿನಲ್ಲಿ ಬ್ಯಾಟರಿ ಕುದಿಯುತ್ತದೆ, ಓಡಿಸಬೇಡಿ.

ಪಂಪ್ ಇರುವವರಿಗೆ ಇನ್ನೊಂದಿಷ್ಟು ಕೆಲಸ. ಕೂರಿಸುವ ಮುಂಚೆ ಪಂಪಿನ ಆಯಿಲ್ ತೂತಿಗೆ ಸ್ವಲ್ಪ ಇಂಜಿನ್ ಆಯಿಲ್ ಬಿಟ್ಟು ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ. ಒಣಗಿದ ಪಂಪ್ ಓಡಿದರೆ ಬ್ಲೇಡ್ ಹಾಳಾಗುತ್ತದೆ. ಆಯಿಲ್ ಪೈಪಿನ ಬೋಲ್ಟಿಗೆ ಹೊಸ ತಾಮ್ರದ ವಾಷರ್ ಹಾಕಿ. ವಾಪಸ್ ಹೋಗುವ ಹೋಸ್ ಗಟ್ಟಿಯಾಗಿದ್ದರೆ, ಬಿರುಕಿದ್ದರೆ ಈಗಲೇ ಬದಲಿಸಿ. ಎಲ್ಲಿ ಸೋರಿದರೂ ಹೋಗುವುದು ಇಂಜಿನ್ನಿನ ಆಯಿಲ್, ಒಳಗೆ ಬರುವ ಸಣ್ಣ ಪೈಪಿನಲ್ಲಾದರೆ ಅದೂ ಒತ್ತಡದಲ್ಲಿ.

ರಸ್ತೆಗೆ ಇಳಿಸುವ ಮುಂಚೆ, ಇಂಜಿನ್ ಆಫ್ ಇರುವಾಗ ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ನಾಲ್ಕೈದು ಸಲ ತುಳಿಯಿರಿ. ಕಾಲು ಹಾಗೇ ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಗಾಡಿ ಅಲ್ಲೇ ಇರಲಿ. ಇಳಿದರೆ ಒಂದು ಸಣ್ಣ ಸುತ್ತು ಹೋಗಿ ಬಂದು ಇಂಜಿನ್ ಆಫ್ ಮಾಡಿ, ಆಯಿಲ್ ಕಡ್ಡಿ ಎಳೆದು ನೋಡಿ. ಆಲ್ಟರ್ನೇಟರಿನ ಅಡಿಯಲ್ಲಿ ಕಾಗದ ಒತ್ತಿ ಜಿಡ್ಡು ಹತ್ತುತ್ತದಾ ನೋಡಿ. ಬೆಲ್ಟನ್ನು ನಡುವೆ ಹೆಬ್ಬೆರಳಲ್ಲಿ ಒತ್ತಿ, ಸುಮಾರು 10 ಮಿ.ಮೀ. ಬಗ್ಗಬೇಕು. ಹೊಸ ಬೆಲ್ಟ್ ಮೊದಲ ಕೆಲವು ದಿನ ಹಿಗ್ಗುತ್ತದೆ, ಹಾಗಾಗಿ ವಾರದ ನಂತರ ಇದೇ ಸ್ಪ್ಯಾನರ್ ಹಿಡಿದು ಮತ್ತೊಮ್ಮೆ ಬಾನೆಟ್ ಎತ್ತಬೇಕು. ಆಗ ಬ್ಯಾಟರಿಯ ಮೈನಸ್ ಕಳಚಿ, ಬಿ ಪ್ಲಸ್ ನಟ್ಟಿನ ಬಿಗಿಯನ್ನೂ ನೋಡಿಬಿಡಿ.